ಎಣ್ಣೆ ಹಚ್ಚುವ ಕೈ ಬದಲಾಗಬಾರದು

ಹೊಸಪೇಟೆಯಲ್ಲಿ ಬಾಣಂತಿಯರ ಆರೈಕೆಗೆ ಹುಡುಗಿಯರನ್ನು ಕಳಿಸುವ ಒಂದು ಏಜೆನ್ಸಿ ಶುರುವಾಗಿದೆ. ಹೋದ ತಿಂಗಳು ಅಲ್ಲಿಯವರು ನನ್ನನ್ನು ಕರೆಸಿದ್ದರು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದು ಹೇಗೆಂದು ಹೊಸದಾಗಿ ಸೇರಿದವರಿಗೆ ತೋರಿಸಬೇಕಂತೆ. ಹೋದರೆ, ಮೇಜಿನ ಮೇಲೆ ಒಂದು ರಬ್ಬರ್ ಗೊಂಬೆ ಮಲಗಿತ್ತು. ನೀಲಿ ಕೋಟು ತೊಟ್ಟ ಹುಡುಗಿಯರು ಅದರ ಸುತ್ತ ನಿಂತಿದ್ದರು. ಗೊಂಬೆ ಅಳುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ, ಎದೆ ಉಜ್ಜಿದರೆ ಕಾಲು ಒದೆಯುವುದೂ ಇಲ್ಲ. ಇದರ ಮೇಲೆ ಕಲಿತವರು ನಾಳೆ ಯಾರದೋ ಮನೆಯ ಹಸಿಗೂಸನ್ನು ಕಾಲ ಮೇಲೆ ಹಾಕಿಕೊಳ್ಳುತ್ತಾರೆಯೇ ಎಂದು ಕೇಳಿದ್ದಕ್ಕೆ ಏಜೆನ್ಸಿಯ ಮೇಡಂ ಮುಖ ದಪ್ಪ ಮಾಡಿಕೊಂಡರು. ತೋರಿಸುವುದನ್ನು ತೋರಿಸಿ ಬಂದೆ. ಆದರೆ ಹೇಳಬೇಕಾಗಿದ್ದನ್ನು ಹೇಳಲಿಲ್ಲ. ಅದಕ್ಕೇ ಈ ಬರಹ. ಏಳನೆಯ ತರಗತಿ ಪಾಸಾದವಳು ನಾನು, ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಹೆಸರು ಹುಲಿಗೆಮ್ಮ. ಮಲಪನಗುಡಿಗೆ ಸೊಸೆಯಾಗಿ ಬಂದೆ. ನಮ್ಮತ್ತೆ ಊರಿನ ಅರ್ಧ ಕೂಸುಗಳನ್ನು ಎರೆದವಳು. ಅವಳ ಹಿಂದೆ ಎಣ್ಣೆ ಬಟ್ಟಲು ಹಿಡಿದು ಓಡಾಡಿ ಕೆಲಸ ಕಲಿತೆ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂರಬೇಕು. ಎರಡೂ ಕಾಲು ಜೋಡಿಸಿ ಕೂಸನ್ನು ಅವುಗಳ ಮೇಲೆ ಮಲಗಿಸಿಕೊಳ್ಳಬೇಕು. ಎಣ್ಣೆ ಬಿಸಿಯಾಗಿದೆಯೋ ಇಲ್ಲವೋ ನಮ್ಮ ಮಣಿಕಟ್ಟಿಗೆ ಹಚ್ಚಿ ನೋಡಬೇಕು. ಮೊದಲು ಎದೆ, ಆಮೇಲೆ ತೋಳು, ಹೊಟ್ಟೆ, ಕಾಲು, ಕಡೆಗೆ ಬೋರಲು ಹಾಕಿ ಬೆನ್ನು. ಕೂಸು ಮುಖ ಕಿವಿಚಿದರೆ ಕೈ ಹಗುರ ಮಾಡಬೇಕು. ಇಷ್ಟೇ ವಿದ್ಯೆ. ಇದಕ್ಕಿಂತ ಹೆಚ್ಚಿನದು ಇದೆಯೆಂದು ಹೇಳುವವರು ದೊಡ್ಡಸ್ತಿಕೆ ಕೊಚ್ಚುತ್ತಾರೆ. ನಾನೂ ಬೇಕಾದಷ್ಟು ಕೊಚ್ಚಿದ್ದೇನೆ.

ಅತ್ತೆ ಕೂಸಿನ ಮೂಗಿಗೂ ಕಿವಿಗೂ ಎರಡೆರಡು ಹನಿ ಎಣ್ಣೆ ಬಿಡುತ್ತಿದ್ದಳು. ಆಮೇಲೆ ನಾನು ಹೊಸಪೇಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿದಾಗ, ಮೊದಲ ವಾರವೇ ಯಾರೂ ನೋಡದ ಹೊತ್ತಿನಲ್ಲಿ ಒಂದು ಕೂಸಿನ ಮೂಗಿಗೆ ಕೊಬ್ಬರಿ ಎಣ್ಣೆ ಬಿಟ್ಟೆ. ನನ್ನ ಪ್ರಕಾರ ಅದು ಉಪಕಾರ. ಕೂಸು ಕೆಮ್ಮಿತು, ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ನಮ್ಮ ಮೇಲಿನ ದೊಡ್ಡ ಸಿಸ್ಟರ್ ಓಡಿಬಂದು ಕೂಸನ್ನು ಕಸಿದುಕೊಂಡು, ಬೋರಲು ಹಾಕಿ, ನಳಿಕೆಯಿಂದ ಎಣ್ಣೆ ಎಳೆದು ಉಸಿರು ತಂದರು. ಆಮೇಲೆ ನನ್ನ ಕೈ ಮೇಲೆ ಒಂದು ಏಟು ಕೊಟ್ಟರು.

“ಯಾರು ಕಲಿಸಿದ್ರು ನಿನಗ ಇದನ್ನ?”

“ನಮ್ಮತ್ತೀರಿ.”

“ನಿಮ್ಮತ್ತಿ ಕೈಯಾಗ ಎಷ್ಟು ಕೂಸು ಹೋಗ್ಯಾವ, ಕೇಳೀಯೇನು?”

ಕೇಳಿರಲಿಲ್ಲ. ಆ ಸಂಜೆ ಮನೆಗೆ ಹೋಗಿ ಕೇಳಿದೆ. ಅತ್ತೆ ಒಲೆಯ ಕಡೆ ತಿರುಗಿ, “ದೇವ್ರು ಕೊಟ್ಟಿದ್ದ, ದೇವ್ರು ಒಯ್ದ” ಎಂದಳು. ಎಷ್ಟು ಎಂದು ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. ನೀವು ಮಾತ್ರ ಯಾವ ಮುದುಕಿ ಹೇಳಿದರೂ ಮೂಗು ಕಿವಿಗೆ ಎಣ್ಣೆ ಬಿಡಬೇಡಿ, ನೆತ್ತಿ ಒತ್ತಬೇಡಿ, ಎಳೆಗೂಸಿನ ಮೊಲೆ ಹಿಂಡಬೇಡಿ.

ಆಸ್ಪತ್ರೆಯ ಡಾಕ್ಟರ್ ಮೇಡಂ ಬೇರೆಯ ಥರದವರು. ಬೈಯುವುದು ಕಮ್ಮಿ, ಆದರೆ ಬಿಡುತ್ತಿರಲಿಲ್ಲ. ಸಣ್ಣ ತೂಕದ ಕೂಸು ಹುಟ್ಟಿದರೆ ನನ್ನನ್ನು ಕರೆದು, “ಹದಿನೈದು ದಿನ ನೀನು ಹಚ್ಚು, ತಾಯಿ ನೋಡ್ಲಿ. ಹದಿನಾರನೇ ದಿನದಿಂದ ತಾಯಿ ಹಚ್ಲಿ, ನೀನು ನೋಡು. ಆಮ್ಯಾಲೆ ನೀನು ಬರೋದು ಬ್ಯಾಡ” ಎನ್ನುತ್ತಿದ್ದರು. ನನಗೆ ಆ ಕಡೆಯ ಮಾತು ಹಿಡಿಸುತ್ತಿರಲಿಲ್ಲ. ಕಲಿಸಿ ಎದ್ದು ಬರುವವಳನ್ನು ಯಾರು ನೆನೆಯುತ್ತಾರೆ?

ನಮ್ಮ ಕಡೆ ಅದಿರಿನ ಗಣಿ ಆಗಷ್ಟೇ ಜೋರಾಗತೊಡಗಿತ್ತು. ಅದಿರು ಜರಡಿ ಹಿಡಿಯುವ ಗಾಳೆಮ್ಮ ಎಂಬ ಹೆಂಗಸು ಹೆರಿಗೆಗೆ ಬಂದಳು. ದಿನ ತುಂಬದ ಹೆಣ್ಣುಕೂಸು, ನನ್ನ ಅಂಗೈಯಿಂದ ಮೊಣಕೈವರೆಗೆ ಬರುತ್ತಿತ್ತು. ಮೇಡಂ ಅದನ್ನು ತಾಯಿಯ ಎದೆಗೆ ಅಂಟಿಸಿ ಸೀರೆ ಕಟ್ಟಿಸಿದರು. ಕೂಸು ತುಸು ಗಟ್ಟಿಯಾದ ಮೇಲೆ ಎಣ್ಣೆ ಹಚ್ಚಲು ಹೇಳಿದರು. ಗಾಳೆಮ್ಮ ಕೈ ಹಿಂದಕ್ಕೆಳೆದುಕೊಂಡಳು.

“ನನ್ನ ಕೈ ನೋಡ್ರಿ ಅಮ್ಮೋರ, ಜಾಲಿ ತೊಗಟಿ ಆಗ್ಯಾವ. ಕೂಸಿನ ತೊಗಲು ಕಿತ್ತು ಬರ್ತೈತಿ. ಹುಲಿಗೆಮ್ಮಕ್ಕನ ಹಚ್ಚಲಿ ಬಿಡ್ರಿ.”

“ಹುಲಿಗೆಮ್ಮ ನಿನ್ನ ಗುಡಿಸಲಿಗೆ ಎಷ್ಟು ದಿನ ಬರ್ತಾಳವ್ವ? ಎಣ್ಣಿ ಒಂದೀಟು ಜಾಸ್ತಿ ತಗೋ. ಕೈ ಮಾತ್ರ ನಿಂದ ಇರ್ಲಿ” ಎಂದರು ಮೇಡಂ.

ಗಾಳೆಮ್ಮನ ಬಿರುಕುಬಿಟ್ಟ ಕೈಯಲ್ಲಿ ಎಷ್ಟು ತೊಳೆದರೂ ಹೋಗದ ಕೆಂಪು ಇತ್ತು. ಆ ಕೈ ಬೆನ್ನ ಮೇಲೆ ಆಡತೊಡಗಿದರೆ ಕೂಸು ಕಣ್ಣರಳಿಸಿ ಸುಮ್ಮನಾಗುತ್ತಿತ್ತು. ಮೊದಲು ಎದೆಗೆ ಬಾಯಿ ಹಾಕಿದ ಕೂಡಲೇ ನಿದ್ದೆ ಹೋಗುತ್ತಿದ್ದುದು ಈಗ ಎಳೆದು ಕುಡಿಯತೊಡಗಿತು. ತಕ್ಕಡಿಯಲ್ಲಿ ಮುಳ್ಳು ವಾರದಿಂದ ವಾರಕ್ಕೆ ಮುಂದಕ್ಕೆ ಹೋಯಿತು. ಎಣ್ಣೆಯಿಂದಲೇ ಬೆಳೆಯಿತೇನ್ರಿ ಎಂದು ನಾನು ಮೇಡಂ ಅವರನ್ನು ಕೇಳಿದೆ.

“ಎಣ್ಣಿಯಿಂದನ ಅಂತ ನಾನು ಬರೆದುಕೊಡೋದಿಲ್ಲ. ಕೂಸು ಬೆಚ್ಚಗಿತ್ತು, ಅಳು ಕಮ್ಮಿ ಆತು, ಹಾಲು ಕುಡೀತು. ಮುಟ್ಟಿ ಮುಟ್ಟಿ ತಾಯಿಗೆ ಧೈರ್ಯ ಬಂತು, ಆಕಿ ಹಾಲೂ ಜಾಸ್ತಿ ಆತು. ಇದರಾಗ ಯಾವುದು ಮೊದಲು, ಯಾವುದು ಆಮ್ಯಾಲೆ, ಯಾರು ಹೇಳ್ತಾರ?” ಎಂದರು.

ಈ ಮಾತು ನನ್ನ ಕಿವಿಗೆ ಬಿದ್ದಿತ್ತು, ಕಣ್ಣಾರೆ ಕಂಡೂ ಇದ್ದೆ. ಮುಂದೆ ಸಂಡೂರಿನಲ್ಲಿ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ನನಗೆ ರಿಯಾಯಿತಿ ಕೊಡಬೇಡಿ.

ನಮ್ಮ ಗುಡ್ಡದ ಮಣ್ಣು ಚೀನಾ ದೇಶಕ್ಕೆ ಬೇಕಾಯಿತಂತೆ. ಎರಡು ಮೂರು ವರ್ಷದಲ್ಲಿ ಸೈಕಲ್ಲಿನವರು ಕಾರಿನವರಾದರು, ಒಂದು ಲಾರಿಯವರು ಹತ್ತು ಲಾರಿಯವರಾದರು. ಸಂಡೂರಿನ ಕಡೆ ಬಿಳಿ ಟವೆಲ್ಲಿನಲ್ಲಿ ಕೂಸನ್ನು ಒರೆಸಿದರೆ ಟವೆಲ್ಲು ಕೆಂಪಾಗುತ್ತಿತ್ತು. ತೊಟ್ಟಿಲ ಬಟ್ಟೆ ಒಣಹಾಕಿದರೆ ತೊಳೆಯುವ ಮುಂಚೆ ಇದ್ದದ್ದಕ್ಕಿಂತ ಹೊಲಸಾಗಿ ಒಳಗೆ ಬರುತ್ತಿತ್ತು. ಆದರೂ ಆ ಧೂಳನ್ನು ಯಾರೂ ಬೈಯುತ್ತಿರಲಿಲ್ಲ. ಹೊಸ ಮನೆಗಳ ಬಚ್ಚಲಿಗೆಲ್ಲ ನುಣ್ಣನೆಯ ಮಾರ್ಬಲ್ ಬಂತು. ಅದರ ಮೇಲೆ ಎಣ್ಣೆ ಕಾಲು ಚಾಚಿ ಕುಳಿತರೆ ನಾನೂ ಕೂಸೂ ಜಾರಿಕೊಂಡು ಬಾಗಿಲಿಗೆ ಹೋಗಬೇಕು! ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆ, ಅದಕ್ಕೂ ಮನೆಯವರಿಗೆ ಅವಮಾನ.

ಇಂಥ ಮನೆಗಳಿಂದ ನನಗೆ ಕಾರು ಬರತೊಡಗಿತು. ಆಸ್ಪತ್ರೆ ಬಿಟ್ಟೆ. ಹೇಳಲು ಹೋದಾಗ ಡಾಕ್ಟರ್ ಮೇಡಂ, “ದುಡಿ, ಬ್ಯಾಡ ಅನ್ನಲ್ಲ. ಕೈಗುಣ ಅನ್ನೋ ಹುಚ್ಚು ಮಾತ್ರ ಹತ್ತಿಸ್ಕೋಬ್ಯಾಡ” ಎಂದರು. ನಾನು ತಲೆ ಆಡಿಸಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ ಎಂಬ ಗಾದೆ ಮನಸ್ಸಿನಲ್ಲಿತ್ತು. ನಾನು ಕಣ್ಣು ಮುಚ್ಚುವವಳಾಗಿರಲಿಲ್ಲ.

ಆ ಹುಚ್ಚು ಹತ್ತಿದ್ದು ಕಂಪ್ಲಿಯಲ್ಲಿ. ಅಕ್ಕಿ ಗಿರಣಿಯವರ ಮನೆಯ ಮುದುಕಮ್ಮ ಮೊಮ್ಮಗಳನ್ನು ನನ್ನ ಕಾಲ ಮೇಲೆ ಹಾಕಿ, “ನಮ್ಮ ಮನಿತನದಾಗ ಎಲ್ಲಾರ ಮೂಗೂ ಉದ್ದ. ಇದು ಅವರವ್ವನ ಮೂಗು ತಂದೈತಿ. ದಿನಾ ಎಳಿಲೇ ಹುಲಿಗಿ” ಎಂದಳು. ಎಳೆದರೆ ಮೂಗು ಉದ್ದವಾಗುವುದಿಲ್ಲ, ಕೂಸಿಗೆ ನೋವಾಗುತ್ತದೆ ಅಷ್ಟೆ. ಹಾಗೆಂದು ಹೇಳುವ ಬದಲು ನಾನು ಎಳೆದ ಹಾಗೆ ನಟಿಸಿದೆ. ಮೂರು ತಿಂಗಳಾದ ಮೇಲೆ ಮುದುಕಮ್ಮ ಊರಿಗೆಲ್ಲ ತೋರಿಸಿ, “ನೋಡ್ರಿ, ಹುಲಿಗೆಮ್ಮನ ಕೈಗುಣ ಭಾಳ ಚಲೋ. ಮೂಗು ಹೆಂಗ ಸೀದಾ ಬಂತು!” ಎಂದಳು. ಮೂಗು ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ನಾನು ಮಾತ್ರ ಹೊಗಳಿಕೆಗೆ ಉಬ್ಬಿ ನಿಂತೆ. ಸುಳ್ಳು ಹೇಳದೆ ಸುಮ್ಮನಿದ್ದರೂ ಸುಳ್ಳು ಬೆಳೆಯುತ್ತದೆ ಎಂದು ಅಲ್ಲಿ ಕಲಿತೆ. ಸಂಡೂರಿಗೆ ಹೋಗುವ ಹೊತ್ತಿಗೆ ಬಾಯಿಬಿಟ್ಟು ಹೇಳುವಷ್ಟು ಧೈರ್ಯ ಬಂದಿತ್ತು.

ಸಂಡೂರಿನದು ಗೌರಮ್ಮ ಎಂಬವರ ಮನೆ. ಮಗ ಅದಿರು ಸಾಗಿಸುವ ಗುತ್ತಿಗೆ ಹಿಡಿದು ಒಮ್ಮೆಲೇ ಮೇಲೆದ್ದಿದ್ದ. ಸೊಸೆ ಶೈಲಾ ಮೆಟ್ರಿ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ, ಇಪ್ಪತ್ತು ತುಂಬಿತ್ತೋ ಇಲ್ಲವೋ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು. ಆದರೆ ಗೌರಮ್ಮ, “ಆ ಸೊಳ್ಳಿ ಮನ್ಯಾಗ ನಮ್ಮ ಮೊಮ್ಮಗ ಹುಟ್ಟಬೇಕೇನು?” ಎಂದು ಕಳಿಸಲಿಲ್ಲ. ದಿನ ತುಂಬುವ ಮುಂಚೆ ಗಂಡುಕೂಸು ಹುಟ್ಟಿತು, ತೆಳ್ಳಗೆ, ಬೆನ್ನ ಮೇಲೆ ಎಳೆಕೂದಲು ಹೋಗದೆ. ನನ್ನನ್ನು ಅಲ್ಲಿಯೇ ಇರಿಸಿಕೊಂಡರು. ಶೈಲಾಳ ತಾಯಿ ತಾವೇ ಔಡಲ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದಿದ್ದರು. ಅದರ ಮುಚ್ಚಳ ತೆಗೆದು ಮೂಸಿ ನೋಡಿದ ಗೌರಮ್ಮ, “ಇರ್ಲಿ, ಬಾಗಲದ ಕೀಲಿಗೆ ಹಾಕಾಕ ಬರ್ತೈತಿ” ಎಂದರು. ಆ ತಾಯಿ ಮಗಳ ಮುಖ ನೋಡದೆ ಸಂಜೆಯ ಬಸ್ಸಿಗೆ ಹೋದರು.

ಶೈಲಾ ದಿನವೂ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಚ್ಚಲ ಬಾಗಿಲಲ್ಲಿ ಕುಳಿತು ನನ್ನ ಕೈಯನ್ನೇ ನೋಡುತ್ತಿದ್ದಳು. ತನ್ನ ತೊಡೆಯ ಮೇಲೆ ಅದೇ ರೀತಿ ಬೆರಳಾಡಿಸಿಕೊಳ್ಳುತ್ತಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಮುಂಜಾನೆ ಕೇಳಿದಳು.

“ಹುಲಿಗೆಮ್ಮಕ್ಕ, ಇವತ್ತ ನಾ ಹಚ್ಚಲೇನ್ರಿ? ನೀವು ಮಗ್ಗಲದಾಗ ಕುಂತು ಹೇಳ್ರಿ.”

ಡಾಕ್ಟರ್ ಮೇಡಂ ಹೇಳಿದ್ದು ಇದನ್ನೇ. ಎದ್ದು ಜಾಗ ಬಿಟ್ಟುಕೊಟ್ಟರೆ ಮುಗಿದಿತ್ತು. ಆದರೆ ಹಿಂದಿನ ದಿನವಷ್ಟೇ ಗೌರಮ್ಮ ಬಂದವರ ಮುಂದೆ ನನ್ನ ಕೈಯನ್ನು ಹೊಗಳಿದ್ದರು. ಇಪ್ಪತ್ತರ ಹುಡುಗಿ ಎರಡು ವಾರ ನೋಡಿ ಕಲಿಯುವಂಥದ್ದಾದರೆ ಅದು ಎಂಥ ಕೈಗುಣ? ನಾನು ಮತ್ತೆ ಬರೀ ಆಯಾ ಆಗಿಬಿಡುತ್ತೇನೆ ಅನ್ನಿಸಿತು.

“ಬ್ಯಾಡ ತಾಯಿ. ಹಚ್ಚಿದ ಕೈನ ಹಚ್ಚಬೇಕು. ಕೈ ಬದಲಾದ್ರ ಕೂಸು ಸೊರಗತೈತಿ” ಅಂದೆ.

ಎರೆಯುವ ಮುದುಕಿಯರು ಈ ಮಾತು ಹೇಳುವುದುಂಟು. ಯಾಕೆ ಹೇಳುತ್ತಾರೆ ಎಂಬುದು ನನಗೆ ಗೊತ್ತು, ನಾನೂ ಅದಕ್ಕಾಗಿಯೇ ಹೇಳಿದೆ. ಶೈಲಾ ನಂಬಿದಳು. ಕೂಸಿಗೆ ಕೆಡುಕಾಗುತ್ತದೆ ಎಂದರೆ ಯಾವ ತಾಯಿ ನಂಬುವುದಿಲ್ಲ? ಸರಿಯಾಗಿ ಹೊಡೆಯುವ ಜಾಗಕ್ಕೇ ಹೊಡೆದಿದ್ದೆ.

ಎರೆದ ಮೇಲೆ ಕೂಸಿಗೆ ಹಸಿವಾಗುತ್ತದೆ. ಆ ಹೊತ್ತಿಗೆ ತಾಯಿಯ ಎದೆಗೆ ಕೊಡಬೇಕು, ಕುಡಿದು ಅಲ್ಲೇ ನಿದ್ದೆ ಹೋಗಬೇಕು. ಆ ಮನೆಯಲ್ಲಿ ಗೌರಮ್ಮ ಬಾಟಲಿ ಹಿಡಿದು ಕಾಯುತ್ತಿದ್ದರು. “ಆಕಿ ಹಾಲು ನೀರಾಗ್ಯಾವ” ಎನ್ನುತ್ತಿದ್ದರು. ನಾನು ತುಟಿ ಬಿಚ್ಚಲಿಲ್ಲ. ಕೂಸು ತುಂಬಿಕೊಂಡಿತು, ತೊಡೆಯಲ್ಲಿ ಮಡಿಕೆ ಬಿತ್ತು. ನೋಡಲು ಬಂದವರೆಲ್ಲ ನನ್ನ ಕೈ ನೋಡಿದರು. ಮೂರು ತಿಂಗಳಿಗೆ ಅದು ನನ್ನ ಬಳೆ ಸದ್ದಿಗೆ ತಿರುಗುತ್ತಿತ್ತು. ಶೈಲಾ ಎತ್ತಿಕೊಂಡರೆ ಅಳುತ್ತಿತ್ತು, ನಾನು ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು. ಆಗ ನನಗೆ ಸಂತೋಷವಾಗುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಗುತ್ತಿದ್ದದ್ದು ಸಂತೋಷವೇ. “ಹಡದಾಕಿ ಕೈಗೆ ಬರವಲ್ದು ನೋಡ್ರಿ” ಎಂದು ಗೌರಮ್ಮ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಾಲ್ಕನೆಯ ತಿಂಗಳಲ್ಲಿ ನಮ್ಮತ್ತೆಗೆ ಹುಷಾರಿಲ್ಲವೆಂದು ಎರಡು ದಿನ ಮಲಪನಗುಡಿಗೆ ಹೋದೆ. ಆ ಹೊತ್ತಿಗೆ ಶೈಲಾ ಬಚ್ಚಲ ಚಿಲಕ ಹಾಕಿಕೊಂಡು ಕೂಸಿಗೆ ತಾನೇ ಎಣ್ಣೆ ಹಚ್ಚಲು ಕುಳಿತಳಂತೆ. ಕೂಸು ಕಿರುಚಿತು. ಹೊಸ ಕೈ, ಅಂಜಿದ ಕೈ, ಎರಡು ದಿನ ಕಿರುಚಿ ಮೂರನೆಯ ದಿನ ಹೊಂದಿಕೊಳ್ಳುತ್ತಿತ್ತು. ಗೌರಮ್ಮ ಬಾಗಿಲು ಬಡಿದು ತೆಗೆಸಿ, ಎಣ್ಣೆ ಮೈಯ ಕೂಸನ್ನು ಕಸಿದುಕೊಂಡರು. ಮರುದಿನ ಕೂಸಿಗೆ ನೆಗಡಿ, ಜ್ವರ. ಆ ಬೇಸಿಗೆಯ ಧೂಳಿಗೆ ಆ ಓಣಿಯಲ್ಲಿ ಕೆಮ್ಮದೆ ಇದ್ದವರು ಯಾರು?

ಲಾರಿಗಳ ಹಿಂದೆ ಅರ್ಧ ದಿನ ಸಿಕ್ಕಿಕೊಂಡು ನಾನು ಸಂಡೂರು ಮುಟ್ಟಿದಾಗ ಎಲ್ಲರೂ ನಡುಮನೆಯಲ್ಲಿದ್ದರು. ಶೈಲಾಳ ಗಂಡ ಮೊಬೈಲಿನಲ್ಲಿ ಯಾವನೋ ಡ್ರೈವರನನ್ನು ಬೈಯುತ್ತಿದ್ದ. ಗೌರಮ್ಮ ನಾನು ಚಪ್ಪಲಿ ಬಿಡುವ ಮೊದಲೇ ಕೇಳಿದರು.

“ನೀನ ಹೇಳು ಹುಲಿಗೆಮ್ಮ, ಕೈ ಬದಲಾಗಿದ್ದಕ್ಕ ಜ್ವರ ಬಂದಾವೋ ಇಲ್ಲೋ?”

ಶೈಲಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಇಲ್ಲ ಎಂದರೆ ಸಾಕಾಗಿತ್ತು.

“ಇರಬೌದ್ರಿ ಅಮ್ಮೋರ. ಒಂದೊಂದು ಕೂಸಿಗೆ ಹಂಗ ಆಗತೈತಿ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಗೌರಮ್ಮನಿಗೆ ಅಷ್ಟೇ ಸಾಕಾಯಿತು. ಸೊಸೆಗೆ ತಲೆ ನೆಟ್ಟಗಿಲ್ಲ, ಒಂದಷ್ಟು ದಿನ ತವರಲ್ಲಿ ಇದ್ದು ಬರಲಿ ಎಂದರು. “ಕೂಸು ಇಲ್ಲೇ ಇರ್ಲಿ, ಹುಲಿಗೆಮ್ಮನ ಕೈಗೆ ಹೊಂದೈತಿ.” ಶೈಲಾ ಕಾರು ಹತ್ತುವಾಗ ನಾನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳು ಅದರ ಕಾಲು ಹಿಡಿದಳು. ಅದು ಅತ್ತು ನನ್ನ ಹೆಗಲಿಗೆ ಮುಖ ಮುಚ್ಚಿಕೊಂಡಿತು. ಮೆಟ್ರಿಯಲ್ಲಿ ಅವಳಿಗೆ ಎದೆಯಲ್ಲಿ ಹಾಲು ಕಟ್ಟಿ, ಚಳಿಜ್ವರ ಬಂದು, ಹಾಲು ನಿಂತುಹೋಯಿತೆಂದು ಆಮೇಲೆ ಕೇಳಿದೆ. ಒಂದಷ್ಟು ದಿನ ಎಂದದ್ದು ತಿಂಗಳುಗಳಾದವು. ಅವಳು ಬರುವಳು, ನೆಂಟರ ಹಾಗೆ ಕೂರುವಳು, ಹೋಗುವಳು. ಕೂಸಿಗೆ ವರ್ಷ ತುಂಬಿ ಹೆಜ್ಜೆ ಇಟ್ಟ ಮೇಲೆ ನನ್ನನ್ನು ಸೀರೆ ಉಡಿಸಿ ಕಳಿಸಿದರು. ಮರುವಾರ ಇನ್ನೊಂದು ಮನೆಯ ಕಾರು ಬಂತು, ಹೋದೆ.

ಆಮೇಲೆ ಒಂದು ದಿನ ಗಣಿಗಳು ನಿಂತವು. ಲಾರಿಗಳು ರಸ್ತೆ ಬದಿಯಲ್ಲಿ ಗಾಲಿಯ ಗಾಳಿ ಇಳಿದು ಸಾಲಾಗಿ ನಿಂತವು. ಕಾರು ಕಳಿಸುವವರೂ ಇಲ್ಲವಾದರು. ನನ್ನ ಹೆಬ್ಬೆರಳಿನ ಬುಡ ಬಾತು, ಕಾಲು ಚಾಚಿ ಕುಳಿತರೆ ಏಳಲು ಇಬ್ಬರು ಬೇಕಾಗಿ, ನಾನೂ ಕೆಲಸ ಬಿಟ್ಟೆ.

ಕೆಲಸವಿಲ್ಲದವಳಿಗೆ ಹಳೆಯದು ನೆನಪಾಗುತ್ತದೆ. ಒಂದು ದಿನ ಬಸ್ಸು ಹತ್ತಿ ಸಂಡೂರಿಗೆ ಹೋದೆ. ಬಾಗಿಲು ತೆಗೆದವಳು ಶೈಲಾ. ಗೌರಮ್ಮ ಮೊಣಕಾಲು ಹೋಗಿ ಹಾಸಿಗೆ ಹಿಡಿದಿದ್ದರು. ಆಳುಕಾಳು ಬಿಟ್ಟುಹೋಗಿ ಮನೆ ನೋಡುವವರು ಬೇಕಾದಾಗ ಸೊಸೆಯ ನೆನಪಾಗಿ ಪೂರ್ತಿಯಾಗಿ ಕರೆಸಿಕೊಂಡಿದ್ದರು. ಮಗನಿಗೆ ಏಳು ವರ್ಷ. ಅಜ್ಜಿಯ ಮಂಚದ ಮೇಲೆ ಕುಳಿತು ಏನೋ ತಿನ್ನುತ್ತಿದ್ದ. ನನ್ನ ಗುರುತು ಅವನಿಗೆ ಎಲ್ಲಿಂದ ಬರಬೇಕು?

“ಬಾರೋ, ತಲಿಗೆ ಎಣ್ಣಿ ಹಚ್ತೀನಿ” ಎಂದು ಶೈಲಾ ಕರೆದಳು.

“ಬ್ಯಾಡ ಶೈಲಾ, ಅವ್ವ ಹಚ್ಚತಾಳ” ಎಂದ ಅವನು. ಅವ್ವ ಎಂದದ್ದು ಅಜ್ಜಿಗೆ. ಅಜ್ಜಿ ಕರೆಯುವ ಹಾಗೆ ತಾಯಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ. ಶೈಲಾ ಬಟ್ಟಲನ್ನು ಮಂಚದ ಹತ್ತಿರ ಇಟ್ಟು, ನನ್ನನ್ನು ಅಡುಗೆಮನೆಗೆ ಕರೆದೊಯ್ದು ಚಹಾ ಕೊಟ್ಟಳು.

ನಾನು ಹೋದದ್ದೇ ಹೇಳುವುದಕ್ಕೆ. “ಆವತ್ತು ನಾ ಹೇಳಿದ್ದು ಸುಳ್ಳವ್ವ. ಕೈ ಬದಲಾದ್ರ ಏನೂ ಆಗಂಗಿಲ್ಲ” ಎಂದೆ. ಅವಳು ಅಳಬಹುದು, ಬೈಯಬಹುದು, ಹೊರಗೆ ನಡೆ ಎನ್ನಬಹುದು ಎಂದುಕೊಂಡಿದ್ದೆ.

“ಗೊತ್ತೈತ್ರಿ. ಮೆಟ್ರ್ಯಾಗ ನಮ್ಮಣ್ಣನ ಕೂಸಿಗೆ ನಮ್ಮವ್ವ, ನಮ್ಮತ್ತಿಗಿ, ನಾನು, ಮೂರೂ ಮಂದಿ ಹಚ್ಚತಿದ್ವಿ. ಏನೂ ಆಗಲಿಲ್ಲ” ಎಂದಳು.

ಸ್ವಲ್ಪ ಹೊತ್ತು ಒಲೆ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದಳು.

“ಸಣ್ಣಾವ ಇದ್ದಾಗ ಅವನ ಮೈ ಹೆಂಗಿತ್ರಿ? ಎಲ್ಲಿ ಮುಟ್ಟಿದ್ರ ನಗತಿದ್ದ?”

ವರ್ಷದ ಮೇಲೆ ದಿನಕ್ಕೆ ಎರಡು ಸಲ ನಾನು ಮುಟ್ಟಿದ ಮೈ. ನೆನಪು ಮಾಡಿಕೊಂಡೆ. ಯಾವುದೋ ಕೂಸಿನ ಸೊಂಟದ ಮಚ್ಚೆ ಬಂತು, ಇನ್ಯಾವುದೋ ಕೂಸಿನ ಮಡಿಚಿದ ಕಿವಿ ಬಂತು. ಇವನದು ಏನೂ ಬರಲಿಲ್ಲ. ಕಂಕುಳು ಎನ್ನಬಹುದಿತ್ತು. ಬಹಳಷ್ಟು ಕೂಸುಗಳು ಅಲ್ಲಿ ಮುಟ್ಟಿದರೆ ನಗುತ್ತವೆ. ಅವಳು ಅದನ್ನೂ ನಂಬುತ್ತಿದ್ದಳು.

“ನೆನಪಿಲ್ಲವ್ವ” ಅಂದೆ.

ಶೈಲಾ ನನ್ನ ಕೈಯಿಂದ ಚಹಾದ ಲೋಟ ತೆಗೆದುಕೊಂಡಳು.

“ಹೆಂಗ ಇರ್ತೈತಿ ಬಿಡ್ರಿ. ನಿಮ್ಮ ಕೈಯಾಗ ಎಷ್ಟೋ ಕೂಸು ಬೆಳದಾವ” ಎಂದಳು. “ನನಗ ಇವನೊಬ್ಬನ ಇದ್ದ.”